ಪದ್ಯದೊಳಗಿನ ಜಿಗಿತ

ಟೀವಿ ಪರದೆಯ ಕೆಳಗಡೆ ಒಂಬತ್ತು ಅಂಕಿಗಳು ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತಿದ್ದವು. 5.7, 5.8, 5.8, 5.9, 5.6... ಒಂದೊಂದು ಅಂಕಿಯ ಜೊತೆಗೂ ಅದನ್ನು ಕೊಟ್ಟ ತೀರ್ಪುಗಾರರ ದೇಶದ ಹೆಸರು. ಮೊದಲ ಸಾಲು ತಾಂತ್ರಿಕತೆಗೆ, ಎರಡನೆಯದು ಕಲೆಗಾರಿಕೆಗೆ. ಎಲ್ಲರೂ 5.8 ಕೊಟ್ಟಲ್ಲಿ ಒಬ್ಬರು 5.6 ಕೊಟ್ಟಿದ್ದರೆ ಕ್ರೀಡಾಂಗಣದ ಜನ ಅಲ್ಲೇ ಕೂಗೆಬ್ಬಿಸುತ್ತಿದ್ದರು. ಯಾರ ಮೇಲೆ ಸಿಟ್ಟಾಗಬೇಕು ಎಂಬುದು ಎಲ್ಲರಿಗೂ ಸ್ಪಷ್ಟವಾಗಿತ್ತು. 6.0 ಬಂದರೆ ಮುಗಿಯಿತು, ಅದರಾಚೆ ಏನೂ ಇಲ್ಲ. ಫಿಗರ್ ಸ್ಕೇಟಿಂಗ್ ಎಂದರೆ ಏನೆಂದೇ ಗೊತ್ತಿಲ್ಲದ ನಮ್ಮಂಥವರೂ ಕೇಬಲ್ ಟೀವಿಯ ಮುಂದೆ ಕೂತು, ಅಂಕಿ ಬರುವ ಮೊದಲೇ 'ಇದಕ್ಕೆ 5.9 ಕೊಡಲೇಬೇಕು' ಎಂದು ಪಂಚಾಯ್ತಿಗೆ ಇಳಿಯುವಷ್ಟು ಆ ಲೆಕ್ಕ ಸಲೀಸಾಗಿತ್ತು.

ಈಗ ಪರದೆಯ ಮೂಲೆಯಲ್ಲಿ ಒಂದು ಚೌಕ ಇರುತ್ತದೆ. ಸ್ಕೇಟರ್ ಒಂದು ಜಂಪ್ ಮುಗಿಸಿದ ಕೂಡಲೇ ಅದರೊಳಗಿನ ಮೊತ್ತ ಏರುತ್ತದೆ. ಪಕ್ಕದಲ್ಲಿ ಪುಟ್ಟ ಪುಟ್ಟ ಬಣ್ಣದ ಮನೆಗಳು: ಹಸಿರಾದರೆ ಒಳ್ಳೆಯದಾಯಿತು, ಕೆಂಪಾದರೆ ಕೆಟ್ಟಿತು, ಹಳದಿಯಾದರೆ ರೀಪ್ಲೇ ನೋಡಿ ಹೇಳುತ್ತಾರೆ. ಆಟಗಾರ ಇನ್ನೂ ಐಸ್ ಮೇಲಿರುವಾಗಲೇ ನಮ್ಮ ಕಣ್ಣು ಅವನನ್ನು ಬಿಟ್ಟು ಆ ಮೂಲೆಗೆ ಓಡುತ್ತದೆ. ನಾನಂತೂ ಕೆಲವು ಸಲ ಆ ಮೂಲೆಗೆ ಕಾಗದದ ಚೂರು ಅಂಟಿಸಿ ನೋಡಿದ್ದೇನೆ. ಮನೆಯವರು ನಕ್ಕರು. ನಗಲಿ.

ಹಳೆಯ 6.0 ಪದ್ಧತಿ ಹೋದದ್ದಕ್ಕೇ ನಾನು ಮರುಗುತ್ತಿದ್ದೇನೆ ಎಂದಲ್ಲ. ಅದು ಹೋಗಲೇಬೇಕಿತ್ತು, ಯಾಕೆಂದು ಮುಂದೆ ಹೇಳುತ್ತೇನೆ. ಅದರ ಜೊತೆಗೆ ಹೋದದ್ದು ಇನ್ನೊಂದಿದೆ. ಅದನ್ನು ನನಗಿಂತ ಚೆನ್ನಾಗಿ ಹೇಳಿದ್ದು ಪುತ್ತೂರಿನ ಕಡೆಯ ನನ್ನ ಸೋದರಮಾವ. ಮಾವನಿಗೆ ಯಕ್ಷಗಾನ, ತಾಳಮದ್ದಳೆ ಬಿಟ್ಟರೆ ಬೇರೆ ಲೋಕವಿರಲಿಲ್ಲ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್ ಹೊತ್ತಿಗೆ ನಮ್ಮ ಮನೆಗೆ ಬಂದಿದ್ದವರು ರಷ್ಯಾದ ಅಲೆಕ್ಸಿ ಯಾಗುದಿನ್ 'ವಿಂಟರ್' ಎಂಬ ಕಿರು ಪ್ರಸ್ತುತಿ ಮಾಡುವುದನ್ನು ನನ್ನ ಜೊತೆ ಕೂತು ನೋಡಿದರು. ಆತ ಐಸಿನ ಪುಡಿಯನ್ನು ಅಂಗೈಯಲ್ಲಿ ಬಾಚಿ ಗಾಳಿಗೆ ತೂರುತ್ತಾನೆ, ಪಿಟೀಲುಗಳು ಏರುತ್ತವೆ, ಆ ಏರಿಕೆಯ ಮೇಲೇ ಆತನೂ ಏರಿ ಸುತ್ತಿ ಇಳಿಯುತ್ತಾನೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂವ ಹಾರಿದ್ದು ಹಾರಿದ ಹಾಗೇ ಕಾಣ್ಲಿಲ್ಲ ಮಾರಾಯ, ಪದ್ಯದ ಒಳಗೇ ಇತ್ತು" ಅಂದರು. "ನಾಲ್ಕು ಸುತ್ತು ಹಾಕಿದ ಮಾವ" ಅಂದೆ. "ಹೌದಾ? ನಾನು ಲೆಕ್ಕ ಮಾಡ್ಲಿಲ್ಲ" ಅಂದರು.

ಲೆಕ್ಕ ಮಾಡದೆ ನೋಡಬಹುದಾಗಿದ್ದ ಕಾಲ ಅದು. ಹಾಗೆಂದು ತಿಳಿವಳಿಕೆ ಬೇಡವಾಗಿತ್ತು ಎಂದಲ್ಲ. ಪುರುಷರ ಸ್ಪರ್ಧೆಯಲ್ಲಿ ಆರು ಬಗೆಯ ಜಂಪ್‌ಗಳಿವೆ: ಟೋ ಲೂಪ್, ಸಾಲ್ಕೋ, ಲೂಪ್, ಫ್ಲಿಪ್, ಲುಟ್ಜ್, ಆಕ್ಸೆಲ್. ಹೊಸಬರ ಕಣ್ಣಿಗೆ ಎಲ್ಲ ಒಂದೇ, ಗಿರ್ರನೆ ತಿರುಗಿ ಇಳಿಯುವುದು. ವ್ಯತ್ಯಾಸವಿರುವುದು ನೆಲ ಬಿಡುವ ಆ ಗಳಿಗೆಯಲ್ಲಿ. ಸ್ಕೇಟಿನ ಅಲಗಿಗೆ ಒಳಅಂಚು, ಹೊರಅಂಚು ಎಂದು ಎರಡು ಅಂಚು, ಮುಂತುದಿಯಲ್ಲಿ ಗರಗಸದಂಥ ಹಲ್ಲು. ಯಾವ ಅಂಚಿನಿಂದ ಎದ್ದ, ಹಲ್ಲನ್ನು ಊರಿದನೋ ಇಲ್ಲವೋ, ಇದರ ಮೇಲೆ ಜಂಪ್‌ನ ಹೆಸರು. ಆಕ್ಸೆಲ್ ಒಂದನ್ನೇ ಮುಂದಕ್ಕೆ ಮುಖ ಮಾಡಿ ಹಾರುವುದು. ಹಾಗಾಗಿ ಅದಕ್ಕೆ ಯಾವಾಗಲೂ ಅರ್ಧ ಸುತ್ತು ಜಾಸ್ತಿ. ಅದನ್ನು ನಾರ್ವೆಯ ಆಕ್ಸೆಲ್ ಪಾಲ್ಸನ್ 1882ರಲ್ಲಿ ವಿಯೆನ್ನಾದಲ್ಲಿ ಓಟದ ಸ್ಕೇಟ್ ಕಟ್ಟಿಕೊಂಡು ಹಾರಿ ತೋರಿಸಿದ್ದ.

ನನಗೆ ಇಷ್ಟದ್ದು ಲುಟ್ಜ್. ಆಸ್ಟ್ರಿಯಾದ ಅಲೋಯಿಸ್ ಲುಟ್ಜ್‌ನ ಹೆಸರಿನದು. ಅದರ ವಿಚಿತ್ರವೇನೆಂದರೆ, ಹಿಂದಕ್ಕೆ ಜಾರುತ್ತ ಎಡಗಾಲಿನ ಹೊರಅಂಚಿನ ಮೇಲೆ ಒಂದು ದಿಕ್ಕಿಗೆ ಬಾಗಿ ಹೋಗುವವನು ಅದರ ವಿರುದ್ಧ ದಿಕ್ಕಿಗೆ ಸುತ್ತಬೇಕು. ಮೈ ಒಂದು ಕಡೆ ಎಳೆಯುತ್ತದೆ, ಹಾರಾಟ ಇನ್ನೊಂದು ಕಡೆ ಆಗಬೇಕು. ಅದಕ್ಕೇ ಹಿಂದಿನವರು ಅಂಗಳದ ಒಂದು ಮೂಲೆಯಿಂದ ಎದುರು ಮೂಲೆಗೆ ಉದ್ದಕ್ಕೆ ಬಾಗಿ ಜಾರಿ ಬರುತ್ತಿದ್ದರು. ಭುಜದ ಮೇಲಿಂದ ಹಿಂದೆ ನೋಡುತ್ತ, ತೋಳು ಹರಡಿ, ಬರುತ್ತಲೇ ಇರುತ್ತಿದ್ದರು. ಈಗ ಹಾರಿಯಾನು, ಈಗ ಹಾರಿಯಾನು ಎಂದು ನಾವು ಉಸಿರು ಬಿಗಿಹಿಡಿದು ಕೂತಿರಬೇಕು. ಆಮೇಲೆ ಬಲಗಾಲು ಹಿಂದಕ್ಕೆ ಚಾಚಿ, ಹಲ್ಲು ಟಕ್ಕೆಂದು ಊರಿ ಎದ್ದು ಬಿಡುತ್ತಿದ್ದರು. ಆ ಕಾಯುವಿಕೆಗೆ ಯಾವ ತೀರ್ಪುಗಾರನೂ ಪ್ರತ್ಯೇಕ ಅಂಕ ಕೊಡುತ್ತಿರಲಿಲ್ಲ, ಆದರೆ ಕೊಟ್ಟ ಆ ಒಂದು ಅಂಕದಲ್ಲಿ ಅದು ಸೇರಿರುತ್ತಿತ್ತು.

1962ರಲ್ಲಿ ಪ್ರಾಗ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ಆ ದೇಶದವನೇ ಆದ ಕರೋಲ್ ದಿವಿನ್ ಕಡ್ಡಾಯ ಫಿಗರ್‌ಗಳಲ್ಲಿ ಮುಂದಿದ್ದ. ಐಸಿನ ಮೇಲೆ ಎಂಟರಾಕಾರದ ಗೆರೆಗಳನ್ನು ಕೊರೆದು ತೋರಿಸುವ ಪರೀಕ್ಷೆ ಅದು, ಆ ಕಾಲದಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ಅದಕ್ಕೇ. ಕೆನಡಾದ ಡೊನಾಲ್ಡ್ ಜಾಕ್ಸನ್ ಹಿಂದೆ ಬಿದ್ದಿದ್ದ. ಫ್ರೀ ಸ್ಕೇಟಿಂಗ್‌ನಲ್ಲಿ ಆತ ಸ್ಪರ್ಧೆಯೊಂದರಲ್ಲಿ ಯಾರೂ ಮಾಡಿರದ ಟ್ರಿಪಲ್ ಲುಟ್ಜ್, ಅಂದರೆ ಮೂರು ಸುತ್ತಿನ ಲುಟ್ಜ್, ಹಾರಿ ನಿಂತ. ತೀರ್ಪುಗಾರರಿಂದ ಏಳು 6.0 ಬಂದವು, ಚಿನ್ನವೂ ಬಂತು. ಅದಾದ ಮೇಲೆ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇನ್ನೊಬ್ಬ ಆ ಜಂಪ್ ಮಾಡಲು ಹನ್ನೆರಡು ವರ್ಷ ಹಿಡಿಯಿತು.

ಇವತ್ತಿನ ಪಟ್ಟಿಯಲ್ಲಿ ಟ್ರಿಪಲ್ ಲುಟ್ಜ್‌ನ ಮೂಲ ಬೆಲೆ ಎಷ್ಟು ಗೊತ್ತೇ? 5.9. ಎಂಥ ಕಾಕತಾಳೀಯ! ಹಿಂದೆ ಇಡೀ ಜೀವಮಾನದ ಸಾಧನೆಗೆ ಸಿಗುತ್ತಿದ್ದ ಅಂಕಿ ಈಗ ಒಂದು ಸಾಧಾರಣ ಜಂಪ್‌ಗೆ, ಹಾರುವ ಮೊದಲೇ ಗೊತ್ತುಮಾಡಿಟ್ಟ ದರ. ಪುರುಷರ ಸ್ಪರ್ಧೆಯ ಮುಂಚೂಣಿಯಲ್ಲಿ ಅದು ಈಗ ನಡುವೆ ತುಂಬಿಸುವ ವಸ್ತು.

ಬೆಲೆ ಇಲ್ಲದ ಕಾಲದಲ್ಲಿ ಜಂಪ್‌ಗೆ ಒಂದು ಜಾಗ ಇತ್ತು. ಅಮೆರಿಕದ ಡಿಕ್ ಬಟನ್ 1948ರ ಸೇಂಟ್ ಮೊರಿಟ್ಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಡಬಲ್ ಆಕ್ಸೆಲ್, 1952ರ ಓಸ್ಲೋದಲ್ಲಿ ಮೊದಲ ಟ್ರಿಪಲ್ ಜಂಪ್ ಮಾಡಿದ. ಎರಡು ಸಲವೂ ಚಿನ್ನ ಗೆದ್ದ. ಕೆನಡಾದ ವರ್ನ್ ಟೇಲರ್ 1978ರಲ್ಲಿ ಒಟ್ಟಾವದಲ್ಲಿ ಮೊದಲ ಟ್ರಿಪಲ್ ಆಕ್ಸೆಲ್ ಮಾಡಿದ, ಆದರೆ ಪದಕದ ಹತ್ತಿರಕ್ಕೂ ಬರಲಿಲ್ಲ. 1988ರ ಮಾರ್ಚ್‌ನಲ್ಲಿ ಬುಡಾಪೆಸ್ಟ್‌ನಲ್ಲಿ ಕರ್ಟ್ ಬ್ರೌನಿಂಗ್ ನಾಲ್ಕು ಸುತ್ತಿನ ಟೋ ಲೂಪ್ ಮಾಡಿ ಇತಿಹಾಸಕ್ಕೆ ಸೇರಿದ, ಆ ಸಲ ಅವನಿಗೆ ಸಿಕ್ಕಿದ್ದು ಆರನೆಯ ಸ್ಥಾನ. ಮುಂದೆ ನಾಲ್ಕು ಸಲ ವಿಶ್ವ ಚಾಂಪಿಯನ್ ಆದ, ಅದು ಬೇರೆ ಮಾತು. ಒಂದೇ ಒಂದು ಜಂಪ್ ತಂದು ಮುಂದಿಟ್ಟರೆ ತೀರ್ಪುಗಾರರು ಕರಗುತ್ತಿರಲಿಲ್ಲ. ಇಡೀ ನಾಲ್ಕೂವರೆ ನಿಮಿಷದಲ್ಲಿ ಅದು ಎಲ್ಲಿ ಕೂತಿತು, ಮೊದಲೇನಿತ್ತು, ಆಮೇಲೇನಾಯಿತು ಎಂದು ನೋಡಿ ಒಂದು ಅಂಕಿ ಬರೆಯುತ್ತಿದ್ದರು. ಸಾಲ್ಟ್ ಲೇಕ್‌ನಲ್ಲಿ ಅಮೆರಿಕದ ಟಿಮ್ ಗೇಬಲ್ ಒಂದೇ ಫ್ರೀ ಸ್ಕೇಟ್‌ನಲ್ಲಿ ಮೂರು ಕ್ವಾಡ್, ಅಂದರೆ ನಾಲ್ಕು ಸುತ್ತಿನ ಜಂಪ್, ಮಾಡಿದ. ಅವನಿಗೆ ಕಂಚು. ಅದಕ್ಕಿಂತ ಕಡಿಮೆ ಕ್ವಾಡ್ ಮಾಡಿದ ಯಾಗುದಿನ್‌ಗೆ ಚಿನ್ನ. ಯಾರೂ ಬಹಳ ತಕರಾರು ಮಾಡಿದ ನೆನಪಿಲ್ಲ.

ಜಂಪ್‌ಗಳನ್ನೇ ತೂಗಿ ಸೋಲು ಗೆಲುವು ನಿರ್ಧರಿಸಿದ ರಾತ್ರಿಗಳೂ ಇದ್ದವು. 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನಲ್ಲಿ ಇಬ್ಬರು ಬ್ರಯಾನ್‌ಗಳು ಎದುರಾದರು: ಅಮೆರಿಕದ ಬ್ರಯಾನ್ ಬೊಯ್ಟಾನೊ, ಕೆನಡಾದ ಬ್ರಯಾನ್ ಓರ್ಸರ್. ಓರ್ಸರ್ ತನ್ನ ನೆಲದಲ್ಲಿ ಆಡುತ್ತಿದ್ದ, ಕೆನಡಾದ ಧ್ವಜ ಹಿಡಿದು ಬಂದವನೂ ಅವನೇ. ನಾನು ಇದನ್ನು ನೋಡಿದ್ದು ಎಷ್ಟೋ ವರ್ಷದ ಮೇಲೆ, ಮಸುಕು ಮಸುಕಾದ ರೆಕಾರ್ಡಿಂಗ್‌ನಲ್ಲಿ. ಆದರೂ ಬೊಯ್ಟಾನೊ ಸೇನಾಧಿಕಾರಿಯ ಉಡುಪಿನಲ್ಲಿ ನೆಪೋಲಿಯನ್ ಚಿತ್ರದ ಸಂಗೀತಕ್ಕೆ ಆಡುವುದನ್ನು ನೋಡುತ್ತಿದ್ದರೆ ಈಗಲೂ ಬೆನ್ನು ನೆಟ್ಟಗಾಗುತ್ತದೆ. ಅವನ ಲುಟ್ಜ್‌ಗೆ ಒಂದು ಗುರುತಿತ್ತು. ಗಾಳಿಯಲ್ಲಿ ಸುತ್ತುವಾಗ ಎಲ್ಲರೂ ಎರಡೂ ಕೈಗಳನ್ನು ಎದೆಗೆ ಅವುಚಿಕೊಳ್ಳುತ್ತಾರೆ, ಇಲ್ಲದಿದ್ದರೆ ಸುತ್ತಿನ ವೇಗ ಬರುವುದಿಲ್ಲ. ಇವನು ಒಂದು ಕೈಯನ್ನು ತಲೆಯ ಮೇಲಕ್ಕೆ ಎತ್ತುತ್ತಿದ್ದ. ಕಷ್ಟವನ್ನು ಇನ್ನಷ್ಟು ಕಷ್ಟ ಮಾಡಿಕೊಂಡು, ಏನೂ ಆಗಿಲ್ಲವೆಂಬಂತೆ ಇಳಿಯುತ್ತಿದ್ದ. ಆ ಜಂಪ್‌ಗೆ ಜನ 'ಟಾನೊ ಲುಟ್ಜ್' ಎಂದೇ ಹೆಸರಿಟ್ಟರು. ಓರ್ಸರ್ ಟ್ರಿಪಲ್ ಫ್ಲಿಪ್‌ನಲ್ಲಿ ತುಸು ಎಡವಿದ, ಎರಡನೆಯ ಟ್ರಿಪಲ್ ಆಕ್ಸೆಲ್ ಮಾಡಬೇಕಾದಲ್ಲಿ ಡಬಲ್‌ಗೆ ಇಳಿದ. ಐವರು ತೀರ್ಪುಗಾರರು ಬೊಯ್ಟಾನೊ ಕಡೆ, ನಾಲ್ವರು ಓರ್ಸರ್ ಕಡೆ. ಒಬ್ಬನ ಮನಸ್ಸು ಆಚೀಚೆಯಾಗಿದ್ದರೆ ಚಿನ್ನದ ಕೊರಳು ಬದಲಾಗುತ್ತಿತ್ತು. ಆ ಐದು-ನಾಲ್ಕರ ಬಗ್ಗೆ ವಾದ ಮಾಡುವವರು ಈಗಲೂ ಇದ್ದಾರೆ, ಅವರೆಲ್ಲ ವಾದಿಸುವುದು ತಾವು ಕಣ್ಣಾರೆ ಕಂಡದ್ದರ ಬಗ್ಗೆಯೇ.

ಹಳೆಯದರ ಹುಳುಕನ್ನೂ ಹೇಳಬೇಕು. ಒಳ್ಳೆಯ ಸ್ಕೇಟರ್ ಗುಂಪಿನಲ್ಲಿ ಮೊದಲು ಆಡಬೇಕಾಗಿ ಬಂದರೆ ಅವನ ಗತಿ ಮುಗಿದಂತೆ. ಮುಂದೆ ಬರುವವರಿಗೆ ಜಾಗ ಬಿಡಬೇಕೆಂದು ತೀರ್ಪುಗಾರರು ಕೈ ಬಿಗಿ ಹಿಡಿಯುತ್ತಿದ್ದರು. ಅಂಕ ಎಂಬುದು ತೋರಿಕೆಗೆ, ನಿಜವಾಗಿ ಲೆಕ್ಕಕ್ಕೆ ಬರುತ್ತಿದ್ದುದು ಯಾರು ಯಾರಿಗಿಂತ ಮೇಲು ಎಂಬ ಸ್ಥಾನ. ಹಾಗಾಗಿ ಮೂರನೆಯವನು ಬಂದು ಆಡಿದರೆ ಮೊದಲೇ ಆಡಿ ಕೂತ ಇಬ್ಬರ ಸ್ಥಾನ ಅದಲುಬದಲಾಗುವ ವಿಪರೀತವೂ ನಡೆಯುತ್ತಿತ್ತು. ಹೆಸರು ಮಾಡಿದವನು ಎಡವಿದರೂ 5.7, ಹೊಸ ಹುಡುಗ ಚೊಕ್ಕವಾಗಿ ಆಡಿದರೂ 5.3. ಶೀತಲ ಸಮರದ ದಿನಗಳಲ್ಲಿ ಯಾವ ದೇಶದ ತೀರ್ಪುಗಾರ ಯಾರಿಗೆ ಎಷ್ಟು ಕೊಡುತ್ತಾನೆಂದು ಮೊದಲೇ ಹೇಳಬಹುದಿತ್ತು. ಇನ್ನು ಕೆನಡಾದ ಟಾಲರ್ ಕ್ರಾನ್‌ಸ್ಟನ್ ಕಥೆ. ಫ್ರೀ ಸ್ಕೇಟಿಂಗ್‌ನಲ್ಲಿ ಅವನಂಥವನು ಇಲ್ಲವೆಂದು ಎಲ್ಲರೂ ಒಪ್ಪುತ್ತಿದ್ದರು, ಕಡ್ಡಾಯ ಫಿಗರ್‌ಗಳಲ್ಲಿ ಹಿಂದೆ ಬಿದ್ದು ಒಮ್ಮೆಯೂ ವಿಶ್ವ ಚಾಂಪಿಯನ್ ಆಗಲಿಲ್ಲ. ಆ ಫಿಗರ್‌ಗಳನ್ನು 1990ರಲ್ಲಿ ತೆಗೆದುಹಾಕಿದರು. ಅದಕ್ಕೆ ನಾನು ಕಣ್ಣೀರು ಹಾಕುವುದಿಲ್ಲ.

ಹಳೆಯ ಪದ್ಧತಿಯನ್ನು ಮುಗಿಸಿದ್ದೂ ಒಂದು ಜಂಪ್‌ನ ಇಳಿತ. 2002ರ ಸಾಲ್ಟ್ ಲೇಕ್‌ನ ಜೋಡಿ ಸ್ಪರ್ಧೆಯಲ್ಲಿ ರಷ್ಯಾದ ಸಿಖರುಲಿದ್ಜೆ ಡಬಲ್ ಆಕ್ಸೆಲ್ ಇಳಿಯುವಾಗ ಎಡವಿದ. ಕೆನಡಾದ ಸಾಲೆ ಮತ್ತು ಪೆಲ್ಟಿಯೆ ಜೋಡಿ ತಪ್ಪಿಲ್ಲದೆ ಆಡಿತು. ಚಿನ್ನ ರಷ್ಯಾದವರಿಗೆ ಹೋಯಿತು. ಆಮೇಲೆ ಫ್ರಾನ್ಸಿನ ತೀರ್ಪುಗಾರ್ತಿ ಮೇಲಿನವರ ಒತ್ತಡದ ಮಾತು ಆಡಿದಳು, ಗಲಾಟೆ ಎದ್ದಿತು, ಎರಡನೆಯ ಜೋಡಿ ಚಿನ್ನ ಕೊಟ್ಟು ಬಾಯಿ ಮುಚ್ಚಿಸಬೇಕಾಯಿತು. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ ಅಧ್ಯಕ್ಷರಾಗಿದ್ದವರು ಇಟಲಿಯ ಒಟ್ಟಾವಿಯೊ ಚಿಂಕ್ವಾಂಟಾ, ಓಟದ ಸ್ಕೇಟಿಂಗ್‌ನಿಂದ ಬಂದವರು. ಗಡಿಯಾರದ ಮುಳ್ಳು ನೋಡಿ ಗೆದ್ದವನಾರೆಂದು ಹೇಳುವ ಆಟದಿಂದ ಬಂದವರಿಗೆ ಈ 5.8, 5.9ರ ವ್ಯವಹಾರ ಹೇಗೆ ಕಂಡಿರಬಹುದು ಎಂದು ಊಹಿಸಬಲ್ಲೆ. 2004ರಲ್ಲಿ 6.0 ಹೋಯಿತು, ಹೊಸ ಪದ್ಧತಿ ಬಂತು.

ಹೊಸದರಲ್ಲಿ ಪ್ರತಿ ಜಂಪ್‌ಗೂ ಮೊದಲೇ ಗೊತ್ತುಮಾಡಿದ ಮೂಲ ಬೆಲೆ. ಬೇರೊಂದು ತಾಂತ್ರಿಕ ಸಮಿತಿ ಕೂತು ಮಾಡಿದ್ದು ಯಾವ ಜಂಪ್, ಸುತ್ತು ಪೂರ್ತಿಯಾಯಿತೇ, ಅಂಚು ಸರಿಯಿತ್ತೇ ಎಂದು ನಿಧಾನಗತಿಯ ರೀಪ್ಲೇಯಲ್ಲಿ ನೋಡಿ ಹೇಳುತ್ತದೆ. ತೀರ್ಪುಗಾರರು ಅದರ ಗುಣಮಟ್ಟಕ್ಕೆ ಮೊದಲು ಮೈನಸ್ ಮೂರರಿಂದ ಪ್ಲಸ್ ಮೂರರವರೆಗೆ, 2018ರಿಂದ ಮೈನಸ್ ಐದರಿಂದ ಪ್ಲಸ್ ಐದರವರೆಗೆ ಅಂಕ ಕೊಡುತ್ತಾರೆ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದವುಗಳ ಸರಾಸರಿ. ಕಲೆಗಾರಿಕೆಗೆ ಬೇರೆಯೇ ಲೆಕ್ಕ. ಇದರಿಂದ ಒಳ್ಳೆಯದೂ ಆಯಿತು ಎಂದು ಒಪ್ಪಬೇಕು. ಲುಟ್ಜ್ ಎಂದು ಹೇಳಿ ಕೊನೆಯ ಗಳಿಗೆಯಲ್ಲಿ ಒಳಅಂಚಿಗೆ ಹೊರಳಿ ಫ್ಲಿಪ್ ಮಾಡಿಬಿಡುವ ಚಾಲಾಕಿತನಕ್ಕೆ 'ಫ್ಲಟ್ಜ್' ಎಂಬ ಅಡ್ಡಹೆಸರಿತ್ತು. ಹಿಂದೆ ಅದನ್ನು ಕಂಡೂ ಕಾಣದಂತೆ ಬಿಡುತ್ತಿದ್ದರು, ಈಗ ಹಾಳೆಯ ಮೇಲೆ ಗುರುತು ಬೀಳುತ್ತದೆ. ಹೆಸರಿಲ್ಲದ ದೇಶದ ಹುಡುಗನೂ ಚೆನ್ನಾಗಿ ಹಾರಿದರೆ ಅವನ ಮೂಲ ಬೆಲೆಯನ್ನು ಯಾರೂ ಕಸಿಯಲಾರರು. ಆದರೆ ಎಷ್ಟೋ ವರ್ಷ ಯಾವ ತೀರ್ಪುಗಾರ ಎಷ್ಟು ಕೊಟ್ಟ ಎಂಬುದನ್ನೇ ಮುಚ್ಚಿಟ್ಟರು. ಹಗರಣದ ಮದ್ದೆಂದು ಕತ್ತಲೆಯನ್ನು ತಂದದ್ದು ವಿಚಿತ್ರ. 2016ರಲ್ಲಿ ಆ ಮುಸುಕನ್ನು ಕಿತ್ತರು.

ಬೆಲೆ ಕಟ್ಟಿದ ಮೇಲೆ ಲೆಕ್ಕ ಶುರುವಾಯಿತು. 2010ರ ವ್ಯಾಂಕೂವರ್‌ನಲ್ಲಿ ಅದರ ಮೊದಲ ದೊಡ್ಡ ಪಾಠ. ರಷ್ಯಾದ ಪ್ಲುಶೆಂಕೊ ಕ್ವಾಡ್ ಟೋ ಲೂಪ್‌ಗೆ ಟ್ರಿಪಲ್ ಜೋಡಿಸಿ ಹಾರಿದ. ಅಮೆರಿಕದ ಇವಾನ್ ಲೈಸಾಸೆಕ್ ಒಂದೂ ಕ್ವಾಡ್ ಮಾಡಲಿಲ್ಲ. ಆಗ ಕ್ವಾಡ್ ಟೋ ಲೂಪ್‌ಗೆ 9.8, ಟ್ರಿಪಲ್ ಆಕ್ಸೆಲ್‌ಗೆ 8.2. ಅಷ್ಟು ಕಡಿಮೆ ವ್ಯತ್ಯಾಸಕ್ಕೆ ಸೊಂಟ ಮುರಿದುಕೊಳ್ಳುವುದೇಕೆ? ಮೇಲಾಗಿ ಪ್ರಸ್ತುತಿಯ ಎರಡನೆಯ ಅರ್ಧದಲ್ಲಿ ಮಾಡಿದ ಜಂಪ್‌ಗೆ ನೂರಕ್ಕೆ ಹತ್ತು ಹೆಚ್ಚುವರಿ. ಲೈಸಾಸೆಕ್ ಹೆಚ್ಚಿನ ಜಂಪ್‌ಗಳನ್ನು ಆ ಕಡೆಗೆ ತಳ್ಳಿದ್ದ. 257.67 ಅವನದು, 256.36 ಪ್ಲುಶೆಂಕೊನದು. 1.31 ಅಂಕದಲ್ಲಿ ಚಿನ್ನ. ಕ್ವಾಡ್ ಇಲ್ಲದವನು ಪುರುಷರ ಚಿನ್ನ ಗೆಲ್ಲುವುದೇ ಎಂದು ಪ್ಲುಶೆಂಕೊ ಸಿಟ್ಟನ್ನು ಬಚ್ಚಿಡಲಿಲ್ಲ. ನನಗೆ ಲೈಸಾಸೆಕ್ ಗೆದ್ದದ್ದು ಬೇಸರವಾಗಲಿಲ್ಲ, ಚೆನ್ನಾಗಿಯೇ ಆಡಿದ್ದ. ಬೇಸರವಾದದ್ದು ಮರುದಿನ ಎಲ್ಲರ ಬಾಯಲ್ಲೂ ಆಟಕ್ಕಿಂತ ಕೂಡುಕಳೆಯೇ ಇದ್ದದ್ದಕ್ಕೆ.

ಆಮೇಲೆ ಪಟ್ಟಿ ತಿದ್ದಿದರು, ಕ್ವಾಡ್‌ಗಳ ಬೆಲೆ ಏರಿಸಿದರು, ಸುತ್ತು ಸ್ವಲ್ಪ ಕಡಿಮೆಯಾದರೂ ಪೂರ್ತಿ ಕೈಬಿಡದೆ ಹೆಚ್ಚಿನ ಪಾಲು ಕೊಡತೊಡಗಿದರು. ಸೊಂಟದ ಆಸೆ ಬಿಟ್ಟು ಎಲ್ಲರೂ ಕ್ವಾಡ್‌ಗೆ ಬಿದ್ದರು. 2018ಕ್ಕೆ ಮೊದಲಿನ ಪಟ್ಟಿಯಲ್ಲಿ ಒಂದು ಅಸಂಬದ್ಧವಿತ್ತು, ಈಗ ನೆನೆದರೂ ನಗು ಬರುತ್ತದೆ. ಕ್ವಾಡ್ ಲುಟ್ಜ್‌ಗೆ 13.6. ಸುತ್ತು ಪೂರ್ತಿ ಮಾಡಿ ದೊಪ್ಪೆಂದು ಬಿದ್ದರೆ ಗುಣಮಟ್ಟದಲ್ಲಿ ನಾಲ್ಕು ಅಂಕ ಕಡಿತ, ಬಿದ್ದದ್ದಕ್ಕೆ ಒಂದು. ಉಳಿದದ್ದು 8.6. ಟ್ರಿಪಲ್ ಲುಟ್ಜ್ ಅನ್ನು ಜಾಕ್ಸನ್‌ನಷ್ಟೇ ಚೆನ್ನಾಗಿ ಹಾರಿ ಎಲ್ಲರಿಂದಲೂ ಪೂರ್ಣ ಗುಣಮಟ್ಟ ಪಡೆದರೂ ಸಿಗುವುದು 8.1. ಬಿದ್ದವನಿಗೆ ನಿಂತವನಿಗಿಂತ ಅರ್ಧ ಅಂಕ ಜಾಸ್ತಿ! 2013ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೆನಡಾದ ಪ್ಯಾಟ್ರಿಕ್ ಚಾನ್ ಫ್ರೀ ಸ್ಕೇಟ್‌ನಲ್ಲಿ ಬಿದ್ದೂ ಗೆದ್ದ. ಎದ್ದು ನಿಂತು ಆಡಿದ ಕಜಾಕಸ್ತಾನದ ಡೆನಿಸ್ ಟೆನ್ ಒಂದು ಚಿಲ್ಲರೆ ಅಂಕದಿಂದ ಸೋತ. ಚಾನ್‌ನ ಅಲಗಿನ ಓಟ ದೇವರು ಕೊಟ್ಟದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ರಾತ್ರಿ ನೋಡಿದವರ ಕಣ್ಣಿಗೂ ಬಂದ ಮೊತ್ತಕ್ಕೂ ತಾಳ ಕೂಡಲಿಲ್ಲ. ಟೆನ್ ಈಗಿಲ್ಲ, 2018ರಲ್ಲಿ ಆಲ್ಮಾಟಿಯಲ್ಲಿ ಕಳ್ಳರ ಚೂರಿಗೆ ಬಲಿಯಾದ. ಇನ್ನೂ ಇಪ್ಪತ್ತೈದು ತುಂಬಿದ್ದಷ್ಟೆ.

ಬೆಲೆಪಟ್ಟಿ ಏನನ್ನು ಮುಟ್ಟಿತೋ ಅದು ನಾಣ್ಯವಾಯಿತು. ಬೊಯ್ಟಾನೊನ ಆ ಎತ್ತಿದ ಕೈಯನ್ನೇ ನೋಡಿ. ಗಾಳಿಯಲ್ಲಿ ಭಂಗಿ ಬದಲಿಸಿದರೆ ಗುಣಮಟ್ಟದ ಅಂಕಕ್ಕೆ ಅದೊಂದು ಕಾರಣ ಎಂದು ನಿಯಮ ಬರೆದರು. ಕೆಲವೇ ವರ್ಷಗಳಲ್ಲಿ ಕೈ ಎತ್ತದ ಹುಡುಗಿಯರೇ ಇಲ್ಲವಾದರು, ಹುಡುಗರೂ ಸಾಕಷ್ಟು ಎತ್ತಿದರು. ಒಂದು ಕೈ, ಎರಡು ಕೈ, ಸಂಗೀತ ಶೋಕದ್ದಾದರೂ ಕೈ ಮೇಲೆ, ಹರ್ಷದ್ದಾದರೂ ಕೈ ಮೇಲೆ. ಕಡೆಗೆ ನೋಡಿ ನೋಡಿ ಸಾಕಾಗಿ 2018ರಲ್ಲಿ ಆ ನಿಯಮವನ್ನೇ ತೆಗೆದರು. ಕೈಗಳು ಕೆಳಗಿಳಿದವು. ದ್ವಿತೀಯಾರ್ಧದ ಹತ್ತು ಪರ್ಸೆಂಟಿನದೂ ಇದೇ ಕಥೆ. ಮೊದಲರ್ಧದಲ್ಲಿ ಕೈಕಾಲು ಆಡಿಸುತ್ತ ಕಾಲ ತಳ್ಳಿ, ಗಡಿಯಾರ ದಾಟಿದ ಕೂಡಲೇ ಸಾಲಾಗಿ ಹಾರುವುದು. ಅದಕ್ಕೂ ಕತ್ತರಿ ಹಾಕಿ ಈಗ ಫ್ರೀ ಸ್ಕೇಟ್‌ನ ಕೊನೆಯ ಮೂರು ಜಂಪ್‌ಗಳಿಗೆ ಮಾತ್ರ ಉಳಿಸಿದ್ದಾರೆ.

ಬೆಲೆ ಇಲ್ಲದ್ದು ಸದ್ದಿಲ್ಲದೆ ಹೋಯಿತು. ನಿಧಾನದ ಆಕ್ಸೆಲ್ ಎಂದಿತ್ತು. ಒಂದೂವರೆ ಸುತ್ತಿನ ಸಿಂಗಲ್ ಆಕ್ಸೆಲ್, ಮಕ್ಕಳು ಕಲಿಯುವಂಥದು. ಅದನ್ನೇ ದೊಡ್ಡವರು ಪೂರ್ಣ ವೇಗದಲ್ಲಿ ಬಂದು, ಎತ್ತರಕ್ಕೆ ಎದ್ದು, ತಕ್ಷಣ ಸುತ್ತದೆ, ತೋಳು ಕಾಲು ಬಿಚ್ಚಿಕೊಂಡೇ ಗಾಳಿಯಲ್ಲಿ ತೇಲಿ, ಇನ್ನೇನು ಇಳಿಯಬೇಕು ಎನ್ನುವಾಗ ತಿರುಗಿ ಇಳಿಯುತ್ತಿದ್ದರು. ಇಂಗ್ಲೆಂಡಿನ ರಾಬಿನ್ ಕಸಿನ್ಸ್, 1980ರ ಒಲಿಂಪಿಕ್ ಚಾಂಪಿಯನ್, ಹೀಗೆ ಹಾರುವಾಗ ಮನುಷ್ಯನಿಗೆ ತೂಕ ಇದೆ ಎಂಬುದೇ ಮರೆತುಹೋಗುತ್ತಿತ್ತು. ಇವತ್ತಿನ ಪಟ್ಟಿಯಲ್ಲಿ ಸಿಂಗಲ್ ಆಕ್ಸೆಲ್‌ಗೆ 1.1. ಫ್ರೀ ಸ್ಕೇಟ್‌ನಲ್ಲಿ ಜಂಪ್‌ಗೆಂದು ಇರುವುದೇ ಕೆಲವು ಜಾಗ. ಅದರಲ್ಲೊಂದನ್ನು 1.1ಕ್ಕೆ ಕೊಡುವ ಹುಚ್ಚ ಯಾರಿದ್ದಾನೆ? ಕೊನೆಗೆ ಬರುವ ನೃತ್ಯ ಸರಣಿಯಲ್ಲಿ ಅಪರೂಪಕ್ಕೊಮ್ಮೆ ಅದು ಇಣುಕಿ ಹೋಗುತ್ತದೆ, ಅಷ್ಟೆ. ಲುಟ್ಜ್‌ನ ಆ ಉದ್ದದ ಮೂಲೆಯ ಓಟವೂ ಮೊಟಕಾಗಿದೆ. ಹಾರುವ ಮೊದಲು ಕಠಿಣ ಹೆಜ್ಜೆ ತುರುಕಿದರೆ ಅಂಕ ಹೆಚ್ಚು, ಸುಮ್ಮನೆ ಬಾಗಿ ಜಾರುತ್ತ ಕಾದರೆ 'ಖಾಲಿ' ಎಂಬ ಮಾತು. ಅದು ಖಾಲಿಯಾಗಿರಲಿಲ್ಲ.

ಇಲ್ಲಿ ಮಾವನ ಲೋಕದ ಒಂದು ಮಾತು ಹೇಳಬೇಕು. ತೆಂಕುತಿಟ್ಟಿನ ಯಕ್ಷಗಾನದಲ್ಲಿ ವೇಷಧಾರಿ ರಂಗದ ಸುತ್ತ ಹಾರಿ ಹಾರಿ ಸುತ್ತುವ ಧೀಂಗಿಣ ಇದೆಯಲ್ಲ, ಅದನ್ನು ಈಗ ಎಣಿಸಿ ಚಪ್ಪಾಳೆ ತಟ್ಟುವ ಪ್ರೇಕ್ಷಕರಿದ್ದಾರೆ. ಅಭಿಮನ್ಯು ಚಕ್ರವ್ಯೂಹಕ್ಕೆ ನುಗ್ಗುವಾಗ ಎಷ್ಟು ಹಾಕಿದ, ಕಳೆದ ವರ್ಷದವನು ಎಷ್ಟು ಹಾಕಿದ್ದ ಎಂದು. ಹುಡುಗರ ಉಸಿರು, ಕಾಲಿನ ಬಲ ದೊಡ್ಡದೇ, ಮಾವ ಅದನ್ನು ಅಲ್ಲಗಳೆಯುತ್ತಿರಲಿಲ್ಲ. ಆದರೆ ಅವರು ನೋಡುತ್ತಿದ್ದುದು ಚೆಂಡೆಯ ಪೆಟ್ಟು ಎಲ್ಲಿ ಬಿತ್ತು, ಭಾಗವತರು ಪದ್ಯವನ್ನು ಎಲ್ಲಿ ಎತ್ತಿದರು, ಆ ಹೊತ್ತಿಗೆ ಕಾಲು ನೆಲ ಬಿಟ್ಟಿತೇ ಎಂದು. ಎಣಿಕೆ ಶುರುವಾದ ರಾತ್ರಿ ಅವರು ಎದ್ದು ಚಹಾ ಕುಡಿಯಲು ಹೋಗುತ್ತಿದ್ದರು.

ಕ್ವಾಡ್ ಹಾರುವ ಹುಡುಗರ ಮೇಲೆ ನನಗೆ ಮುನಿಸಿಲ್ಲ. ಅಮೆರಿಕದ ನೇಥನ್ ಚೆನ್ 2018ರ ಪ್ಯೊಂಗ್‌ಚಾಂಗ್‌ನಲ್ಲಿ ಕಿರು ಪ್ರಸ್ತುತಿ ಕೆಟ್ಟು ಹದಿನೇಳನೆಯವನಾಗಿದ್ದ. ಮರುದಿನ ಆರು ಕ್ವಾಡ್ ಹಾರಿ ಐದನೆಯ ಸ್ಥಾನಕ್ಕೆ ಬಂದ. ಅಂಥ ಛಲವನ್ನು ಮೆಚ್ಚದಿರಲು ಮನಸ್ಸು ಕಲ್ಲಾಗಿರಬೇಕು. 2022ರ ಸೆಪ್ಟೆಂಬರ್‌ನಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ ಹದಿನೇಳರ ಹುಡುಗ ಇಲ್ಯಾ ಮಲಿನಿನ್ ನಾಲ್ಕೂವರೆ ಸುತ್ತಿನ ಕ್ವಾಡ್ ಆಕ್ಸೆಲ್ ಹಾರಿ ನಿಂತಾಗ ನಾನೂ ಕುರ್ಚಿಯಿಂದ ಎದ್ದಿದ್ದೆ. ಆದರೆ ಅದಕ್ಕೂ ಕೆಲವು ತಿಂಗಳ ಹಿಂದೆ ಆ ಜಂಪ್‌ಗೆ ಇನ್ನೊಬ್ಬ ಕೈ ಹಾಕಿದ್ದ. ಅದು ನನ್ನನ್ನು ಇನ್ನೂ ಕಾಡುತ್ತದೆ.

ಜಪಾನಿನ ಯುಜುರು ಹನ್ಯು. 2014, 2018 ಎರಡೂ ಒಲಿಂಪಿಕ್ಸ್‌ನ ಚಿನ್ನ ಗೆದ್ದವನು. ಅವನ ಗುರು ಬೇರಾರೂ ಅಲ್ಲ, ಕ್ಯಾಲ್ಗರಿಯಲ್ಲಿ ಐದು-ನಾಲ್ಕರಲ್ಲಿ ಸೋತ ಬ್ರಯಾನ್ ಓರ್ಸರ್. ತರಬೇತಿ ನಡೆಯುತ್ತಿದ್ದುದು ಟೊರೊಂಟೊ ಕ್ರಿಕೆಟ್, ಸ್ಕೇಟಿಂಗ್ ಅಂಡ್ ಕರ್ಲಿಂಗ್ ಕ್ಲಬ್‌ನಲ್ಲಿ. ಕ್ರಿಕೆಟ್ ಎಂದು ಓದಿದ್ದು ತಪ್ಪಲ್ಲ, ಆ ಹೆಸರು ನಿಜವಾಗಿಯೂ ಹಾಗೇ ಇದೆ. 2022ರ ಬೀಜಿಂಗ್‌ನಲ್ಲಿ ಹನ್ಯು ಕ್ವಾಡ್ ಆಕ್ಸೆಲ್ ಮಾಡುತ್ತೇನೆಂದು ಹೊರಟ. 2018ರಲ್ಲಿ ಅದರ ಬೆಲೆಯನ್ನು 15ರಿಂದ 12.5ಕ್ಕೆ ಇಳಿಸಿದ್ದರು. 11.5ರ ಕ್ವಾಡ್ ಲುಟ್ಜ್‌ಗಿಂತ ಒಂದೇ ಅಂಕ ಹೆಚ್ಚು. ಒಂದು ಅಂಕಕ್ಕಾಗಿ ಯಾರೂ ಸ್ಪರ್ಧೆಯಲ್ಲಿ ಇಳಿಸಿರದ ಜಂಪ್‌ಗೆ ಒಲಿಂಪಿಕ್ಸ್‌ನ ಫ್ರೀ ಸ್ಕೇಟ್ ಶುರುವಾಗುತ್ತಲೇ ಕೈ ಹಾಕುವುದು ಯಾವ ಲೆಕ್ಕಕ್ಕೂ ಬಗ್ಗುವ ಮಾತಲ್ಲ. ಅವನಿಗೆ ಬಗ್ಗಿಸುವುದು ಬೇಕಿರಲಿಲ್ಲ. ಅವನ ಆಕ್ಸೆಲ್ ಎಂದರೆ ಹೆಜ್ಜೆಯೊಳಗಿಂದ ಮೂಡಿ ಹೆಜ್ಜೆಯೊಳಗೇ ಕರಗುವಂಥದು. ಆ ಜಂಪ್ ತನ್ನ ಬಾಳಿನ ಕನಸೆಂದು ಹೇಳಿಕೊಂಡೇ ಬಂದಿದ್ದ. ಹಾರಿದ, ಸುತ್ತು ಕೊಂಚ ಕಡಿಮೆಯಾಯಿತು, ಬಿದ್ದ. ಒಟ್ಟಿನಲ್ಲಿ ನಾಲ್ಕನೆಯವನಾದ. ಆ ಸುತ್ತು ಕಡಿಮೆಯಾದ ಜಂಪ್‌ಗೆ ಕ್ವಾಡ್ ಆಕ್ಸೆಲ್ ಎಂಬ ಹೆಸರನ್ನು ಮಾತ್ರ ತೀರ್ಪಿನ ಹಾಳೆ ಉಳಿಸಿಕೊಟ್ಟಿತು.

ಅದೇ ಬೀಜಿಂಗ್‌ನಲ್ಲಿ ಅಮೆರಿಕದ ಜೇಸನ್ ಬ್ರೌನ್ ಒಂದೂ ಕ್ವಾಡ್ ಇಲ್ಲದೆ ಆಡಿದ. ಕಿರು ಪ್ರಸ್ತುತಿ ನೀನಾ ಸಿಮೋನ್ ಹಾಡಿದ 'ಸಿನ್ನರ್‌ಮ್ಯಾನ್'ಗೆ, ಫ್ರೀ ಸ್ಕೇಟ್ 'ಷಿಂಡ್ಲರ್ಸ್ ಲಿಸ್ಟ್' ಸಂಗೀತಕ್ಕೆ. ಅವನೂ ಕ್ವಾಡ್‌ಗಾಗಿ ವರ್ಷಗಟ್ಟಲೆ ಬೆವರು ಸುರಿಸಿದವನೇ, ಕೂಡಿಬರಲಿಲ್ಲ. ಟ್ರಿಪಲ್ ಆಕ್ಸೆಲ್‌ಗೆ ಮೂಲ ಬೆಲೆ 8, ತೀರ್ಪುಗಾರರೆಲ್ಲ ಪ್ಲಸ್ ಐದು ಕೊಟ್ಟರೂ 12ಕ್ಕೆ ನಿಲ್ಲುತ್ತದೆ. ಕ್ವಾಡ್ ಲುಟ್ಜ್‌ನವನು ಸುಮ್ಮನೆ ಸಾಧಾರಣವಾಗಿ ಇಳಿದರೂ ಅದರ ಹತ್ತಿರಕ್ಕೆ ಬಂದುಬಿಡುತ್ತಾನೆ. ಬ್ರೌನ್ ಜಂಪ್‌ಗೆ ಬರುವುದು ಗೊತ್ತಾಗುವುದಿಲ್ಲ, ಹೋಗುವುದೂ ಗೊತ್ತಾಗುವುದಿಲ್ಲ, ಪಿಟೀಲು ಎಳೆದ ಕಡೆಗೆ ಅವನ ಮಂಡಿ ಬಾಗಿರುತ್ತದೆ. ಆರನೆಯ ಸ್ಥಾನ ಬಂತು. ಚಿನ್ನ ಗೆದ್ದ ಚೆನ್‌ಗೂ ಅವನಿಗೂ ನಡುವೆ ಐವತ್ತಕ್ಕೂ ಹೆಚ್ಚು ಅಂಕ. ಮಾವ ಇದ್ದಿದ್ದರೆ ಆ ಐವತ್ತು ಯಾವುದಕ್ಕೆ ಎಂದು ಕೇಳುತ್ತಿದ್ದರು, ನಾನು ಹಾಳೆ ತೆಗೆದು ಸಾಲು ಸಾಲಾಗಿ ಓದಿ ಹೇಳಬೇಕಾಗುತ್ತಿತ್ತು.